ಸೊಸೆ ಆರಿಸಿದ ವೀಸಾ

ಗೆಳತಿಯರೇ, ಇವತ್ತು ನನ್ನ ಸೊಸೆ ಶಾರದೆ ನನ್ನ ಬಾಯಿ ಮುಚ್ಚಿಸಿದಳು. ಮಗ ಹೊರದೇಶದಲ್ಲಿ ಕೆಲಸದಲ್ಲಿದ್ದಾನೆ. ಇವಳು ಕಾರ್ಗಲ್ಲಿನಲ್ಲಿ, ಅಣೆಕಟ್ಟಿನವರ ಆಸ್ಪತ್ರೆಯಲ್ಲಿ ನರ್ಸ್. ಹೆಂಡತಿಯ ವೀಸಾ ಪಡೆದರೆ ಬರುವ ತಿಂಗಳೇ ಹೊರಡಬಹುದು, ಆದರೆ ಅಲ್ಲಿ ದುಡಿಯುವಂತಿಲ್ಲ. ಕೆಲಸದ ವೀಸಾಕ್ಕೆ ವರ್ಷ ಕಾಯಬೇಕು.

“ಗಂಡನ ಹತ್ರ ಹೋಗೋಕೆ ಎಂತಾ ಯೋಚ್ನೆ ಮಾರಾಯ್ತಿ? ಬೇಗ ಸಿಗೋದು ತಗೋ,” ಎಂದು ಗದರಿದೆ.

“ಅತ್ತೆ, ನಾನು ಈ ಮನೆಗೆ ಬಂದಾಗ ನೀವು ಬೆಲ್ಲ-ನೀರು ಕೊಡ್ಲಿಲ್ಲ. ‘ಅದು ನೆಂಟರಿಗೆ. ನೀನು ಮನೆಯವಳು, ಒಳಗೆ ಬಂದು ಕೆಲ್ಸ ನೋಡು’ ಅಂದ್ರಿ. ಈಗ ಅಲ್ಲಿ ಹೋಗಿ ಜೀವಮಾನವಿಡೀ ನೆಂಟರ ಹಾಗೆ ಕೂರ್ಲಾ?”

ಸರಿ, ವರ್ಷ ಕಾಯಲಿ. ನನಗೆ ಎದುರು ಮಾತಾಡುವವರು ಈ ಮನೆಯಲ್ಲಿ ಇನ್ನೊಬ್ಬರಿಲ್ಲ. ಇವಳನ್ನು ಆರಿಸಿ ತಂದವಳೂ ನಾನೇ, ಮರೆಯಬೇಡಿ.