ಅತ್ತಿಗೆ ಬೈದ ಗಿರಾಕಿ

ನಮ್ಮತ್ತಿಗೆಗೆ ಬಾಯಿ ಜಾಸ್ತಿ ಅಂತ ನೆಂಟರೆಲ್ಲ ಹೇಳ್ತಾರೆ. ಹೇಳಲಿ ಬಿಡಿ, ಆ ಬಾಯಿಂದಲೇ ನಮ್ಮ ಕಾರ್ಖಾನೆ ಉಳಿದಿರೋದು. ಮೆಮೊರಿ ಚಿಪ್ ಮಾಡೋ ಪುಟ್ಟ ಕಾರ್ಖಾನೆ. ಯಜಮಾನ ನಮ್ಮಣ್ಣ, ಆಫೀಸಿನ ಕೆಲಸ ನನ್ನದು, ಚಿಪ್ ತಯಾರಾಗೋ ಕ್ಲೀನ್ ರೂಮು ಅತ್ತಿಗೆಯದು. ಅಲ್ಲಿ ಒಂದು ಧೂಳಿನ ಕಣ ಬಿದ್ದರೂ ಮಾಲು ಹಾಳು. ಹಾಗಾಗಿ ಒಳಗೆ ಹೋಗೋರಿಗೆಲ್ಲ ತಲೆಯಿಂದ ಕಾಲಿನವರೆಗೆ ಬಿಳಿ ಅಂಗಿ, ಕಣ್ಣು ಬಿಟ್ಟರೆ ಏನೂ ಕಾಣಲ್ಲ. ಯಾರು ಯಾರು ಅಂತ ನಡಿಗೆ ನೋಡಿಯೇ ತಿಳ್ಕೋಬೇಕು.

ಈ ವರ್ಷ ಆರ್ಡರು ಕೈಮೀರಿ ಬಂತು. ಇನ್ನೊಂದು ಸಾಲು ಯಂತ್ರ ಹಾಕದೆ ಪೂರೈಸೋ ಹಾಗಿಲ್ಲ. ಬ್ಯಾಂಕಿನವರು ಸಾಲಕ್ಕೆ ಸೈ ಅಂದಿದ್ದರು. ಧೈರ್ಯ ಸಾಲದ್ದು ಅಣ್ಣನಿಗೇ. "ಅಷ್ಟು ದೊಡ್ಡದನ್ನ ನಡೆಸೋರು ನಮ್ಮಲ್ಲಿ ಯಾರಿದ್ದಾರೆ? ದೊಡ್ಡ ಕಂಪನಿಗೆ ಮಾರಿಬಿಡೋಣ" ಅಂದ. ಅತ್ತಿಗೆ ಎದುರಿಗೇ ಕೂತಿದ್ದರು. ನನಗೆ ಮೈಯೆಲ್ಲ ಉರಿದುಹೋಯ್ತು. ಅವರು ಮಾತ್ರ ಎದ್ದು ಕ್ಲೀನ್ ರೂಮಿಗೆ ಹೋದರು.

ಮಾತುಕತೆಯ ದಿನ ಕೊಳ್ಳೋ ಕಂಪನಿಯ ಮುಖ್ಯಸ್ಥರು ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದರು. ಅಣ್ಣ ಇನ್ನೂ ಬಂದಿರಲಿಲ್ಲ. ಸುಮ್ಮನೆ ಕೂರೋ ಬದಲು ಒಳಗೆ ನೋಡ್ತೀನಿ ಅಂದರು. ನಾನೇ ಬಿಳಿ ಅಂಗಿ ಕೊಟ್ಟು ಕಳಿಸಿದೆ. ಅವತ್ತೇ ಹೊಸ ಕೆಲಸಗಾರನೊಬ್ಬ ಸೇರೋದಿತ್ತು. ಗುರುತಿಲ್ಲದ ನಡಿಗೆ ಕಂಡ ಅತ್ತಿಗೆ, ಇವನೇ ಅವನು ಅಂದುಕೊಂಡರು. ಆ ಮಹಾರಾಯರೋ, ಚಿಪ್ ಇಟ್ಟಿದ್ದ ಟ್ರೇ ಮೇಲೆ ಬಗ್ಗಿ, ಮಾಸ್ಕ್ ಸರಿಸಿ ಮೂಗು ಕೆರ್ಕೊಂಡರು.

"ಏನಪ್ಪಾ, ಮೊದಲನೇ ದಿನವೇ ಒಂದು ಟ್ರೇ ಮಾಲು ಹಾಳು ಮಾಡಿದೆಯಲ್ಲ. ನಡಿ ಹೊರಗೆ. ಅಂಗಿ ಬದಲಾಯಿಸ್ಕೊಂಡು ಬಾ, ಕೈ ಎಲ್ಲಿಟ್ಕೋಬೇಕು ಅಂತ ಹೇಳಿಕೊಡ್ತೀನಿ."

ಅವರು ತೆಪ್ಪಗೆ ಹೋದರು. ಬದಲಾಯಿಸ್ಕೊಂಡು ಮತ್ತೆ ಬಂದು, ಹೇಳಿಕೊಟ್ಟಿದ್ದನ್ನ ಕಲಿತರು ಕೂಡ. ಗಾಜಿನ ಗೋಡೆಯಾಚೆ ನಿಂತ ನಾನು ಅತ್ತಿಗೆಗೆ ಸನ್ನೆ ಮಾಡಬಹುದಿತ್ತು, ಮಾಡಲಿಲ್ಲ. ನಗು ತಡೆಯೋದರಲ್ಲೇ ಸಾಕಾಯ್ತು. ಅಷ್ಟರಲ್ಲಿ ಬಂದ ಅಣ್ಣ ತಲೆ ಮೇಲೆ ಕೈ ಹೊತ್ತು ಕೂತ.

ಮಾತುಕತೆಗೆ ಕೂತಾಗ ಅತ್ತಿಗೆಗೆ ವಿಷಯ ತಿಳೀತು. "ಗೊತ್ತಿದ್ದಿದ್ರೂ ಬೈತಿದ್ದೆ ಸಾರ್, ಬಹುವಚನದಲ್ಲಿ" ಅಂದರು.

ಆತ ನಕ್ಕು ಅಣ್ಣನ ಕಡೆ ತಿರುಗಿದರು. "ಕಾರ್ಖಾನೆ ತಗೊಳ್ಳೋಕೆ ನಾವು ತಯಾರು. ಆದರೆ ಇವರೂ ಬರಬೇಕು. ಇದರ ಹತ್ತರಷ್ಟು ದೊಡ್ಡದಾಗಿರೋ ನಮ್ಮ ಕಾರ್ಖಾನೇನೂ ಇವರ ಕೈಗೇ ಕೊಡ್ತೀನಿ."

ಅಣ್ಣ ಹೆಂಡತಿ ಕಡೆ ತಿರುಗಿದ. ಬಂದವರ ಮುಂದೆಯೇ ಕೇಳಿದ: "ಮಾರದೆ, ಇನ್ನೊಂದು ಸಾಲು ನಾವೇ ಹಾಕಿದರೆ ನಡೆಸ್ತೀಯಾ?"

"ನಡೆಸ್ತೀನಿ" ಅಂದರು ಅತ್ತಿಗೆ. ಅವರ ಕಣ್ಣು ತುಂಬಿದ್ದನ್ನ ನಾನು ಅವತ್ತೇ ಮೊದಲು ನೋಡಿದ್ದು. "ಈ ಮಾತು ನನ್ನನ್ನ ಕೇಳೋಕೆ ನಿಮಗೆ ಇವರು ಬರಬೇಕಾಯ್ತಲ್ಲ ರೀ."