ಕೈ ಅಷ್ಟ ತೋರ್ಸು

ತಂಗಿಯ ಕೂಸಿಗೆ ಕುತ್ತಿಗೆ ತುಂಬ ಬೆವರುಸಾಲೆ ಎದ್ದಿತ್ತು. ಡಾಕ್ಟರು ಬರೆದುಕೊಟ್ಟ ಬಿಳಿ ಮುಲಾಮು ಬೆರಳಿಗೆ ತಗೊಂಡೆ. ಜಿಂಕಿನ ವಾಸನೆ. ತಂಗಿ ಅದಕ್ಕೂ ಮೊದಲೇ ಕೂಸಿಗೆ ಕೊಬ್ಬರಿ ಎಣ್ಣೆ ಸವರಿದ್ದಳು. ಎರಡೂ ವಾಸನೆ ಕೂಡಿದ್ದೇ ತಡ, ನನ್ನ ಕೈ ಅಲ್ಲೇ ನಿಂತುಬಿಟ್ಟಿತು. ಎದುರುಮನೆ ಅತ್ತಿ ನಾಟಕ ಮುಗಿಸಿಕೊಂಡು ಬೆಳಿಗ್ಗೆ ಬಸ್ಸಿಳಿದು ಬಂದಾಗ ಇದೇ ವಾಸನೆ ಇರುತ್ತಿತ್ತು. ಎಣ್ಣೆ ಹಚ್ಚಿ ಎಷ್ಟು ಒರೆಸಿಕೊಂಡರೂ ಕಿವಿಯ ಹಿಂದೆ ಬಣ್ಣಕ್ಕೆ ಬಳಿದ ಜಿಂಕ್ ಪುಡಿ ಬೆಳ್ಳಗೆ ಉಳಿದಿರುತ್ತಿತ್ತು...

"ಯಾಕ, ಏನಾತು? ಹಚ್ಚು" ಅಂದಳು ತಂಗಿ. ಹಚ್ಚಿದೆ.

ಅತ್ತಿ ಅಂದರೆ ರಕ್ತಸಂಬಂಧವೇನಲ್ಲ. ಕೂಡ್ಲಿಗಿಯ ನಮ್ಮ ಓಣಿಯಲ್ಲಿ ಆಕೆಯ ಮನೆ ನಮ್ಮ ಮನೆಗೆ ಎದುರು, ಅಷ್ಟೆ. ನಮ್ಮ ಕಡೆ ಹಳ್ಳಿಯವರು ನಾಟಕ ಆಡಿದರೆ ಹೆಣ್ಣು ಪಾತ್ರಕ್ಕೆ ಊರ ಹೆಣ್ಣುಮಕ್ಕಳು ಬರುವುದಿಲ್ಲ, ಹೊರಗಿನಿಂದ ಕರೆಸುತ್ತಾರೆ. ಅತ್ತಿ ಹಾಗೆ ಕರೆಸಿಕೊಳ್ಳುತ್ತಿದ್ದ ಕಲಾವಿದೆ. ಇಟ್ಟಿಗಿ, ಬಾಗಳಿ, ಕೊಟ್ಟೂರಿನ ಸುತ್ತಲ ಹಳ್ಳಿಗಳು, ಎಲ್ಲ ಕಡೆ ಆಕೆ ಗೌಡನ ಹೆಂಡತಿಯಾಗಿದ್ದಳು, ಕುಡುಕನ ತಾಯಿಯಾಗಿದ್ದಳು, ಅಣ್ಣನಿಗಾಗಿ ಜೀವ ಬಿಡುವ ತಂಗಿಯಾಗಿದ್ದಳು. ಗಂಡ ಬಹಳ ಹಿಂದೆಯೇ ಬಿಟ್ಟು ಹೋಗಿದ್ದ. ಇದ್ದವಳು ಒಬ್ಬಳೇ ಮಗಳು. ಅವಳು ಹರಪನಹಳ್ಳಿಯ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದಳು. ಅಲ್ಲಿ ಯಾರಾದರೂ ಕೇಳಿದರೆ "ನಮ್ಮವ್ವ ಬಟ್ಟಿ ಹೊಲಿತಾಳ" ಅನ್ನುತ್ತಿದ್ದಳಂತೆ. ಸುಳ್ಳೂ ಅಲ್ಲ. ನಡುಮನೆಯಲ್ಲಿ ಹೊಲಿಗೆ ಮಷೀನು ಇತ್ತು, ಓಣಿಯವರ ಜಂಪರೆಲ್ಲ ಆಕೆಯೇ ಹೊಲಿಯುತ್ತಿದ್ದಳು.

ನಾನು ಅತ್ತಿಗೆ ಹತ್ತಿರವಾದದ್ದು ಕೊರೊನಾ ಮುಗಿದ ಮೇಲೆ. ಆಗ ನಾನು ಹಗರಿಬೊಮ್ಮನಹಳ್ಳಿಯ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಹೇಳುತ್ತಿದ್ದೆ. ಕಥೆ ಬರೆಯುವ ಹುಚ್ಚೂ ಇತ್ತು. ಒಂದು ದಿನ ಹಾಜರಿ ಕೂಗುವಾಗ ಅರ್ಧಕ್ಕೆ ದನಿ ನಿಂತುಹೋಯಿತು. ಎದೆ ಒಡೆದುಹೋಗುವಂತೆ ಬಡಿದುಕೊಳ್ಳಲು ಶುರುಮಾಡಿತು, ಕೈಬೆರಳು ಜೋಮು ಹಿಡಿದವು, ಇಲ್ಲೇ ಸಾಯುತ್ತೇನೆ ಅನ್ನಿಸಿತು. ಮಕ್ಕಳು ಸುಮ್ಮನೆ ನನ್ನನ್ನೇ ನೋಡುತ್ತ ಕೂತಿದ್ದರು. ಅದು ಮೂರು ಸಲ ಆದ ಮೇಲೆ ಕೆಲಸ ಬಿಟ್ಟು ಮನೆಗೆ ಬಂದೆ. ಬಳ್ಳಾರಿಯ ಡಾಕ್ಟರು ಗುಳಿಗೆ ಕೊಟ್ಟರು. ಅವ್ವ ತಾಯಿತ ಕಟ್ಟಿಸಿದಳು. ಗಾಳಿ ಸೋಂಕಿದೆ ಅಂದರು ಓಣಿಯವರು.

ಒಂದು ಮಧ್ಯಾಹ್ನ ಅತ್ತಿ ಬಂದು ನನ್ನ ಮಂಚದ ಹತ್ತಿರ ಕೂತಳು. ಆಮೇಲೆ ಅವ್ವನ ಕಡೆ ತಿರುಗಿ, "ಯಕ್ಕಾ, ಈ ಹುಡುಗಿಗೆ ಗಾಳಿನೂ ಇಲ್ಲ ಗೀಳಿನೂ ಇಲ್ಲ. ಇದು ಪರದಿ ಹಿಂದಿನ ಹೆದರಿಕಿ. ನನಗ ಮೂವತ್ತು ವರ್ಷದಿಂದ ಐತಿ" ಅಂದಳು.

ನಾನು ಎದ್ದು ಕೂತೆ. ನನಗಾದದ್ದು ಇನ್ನೊಬ್ಬರಿಗೂ ಆಗುತ್ತದೆ ಎಂದು ಅವತ್ತಿನವರೆಗೆ ಯಾರೂ ನನಗೆ ಹೇಳಿರಲಿಲ್ಲ.

ಅಂದಿನಿಂದ ದಿನಾ ಊಟವಾದ ಮೇಲೆ ಆಕೆಯ ಮನೆಗೆ ಹೋಗತೊಡಗಿದೆ. ಆಕೆ ಮಷೀನು ತುಳಿಯುತ್ತ ಮಾತಾಡುವಳು, ನಾನು ಗುಂಡಿ ಹಚ್ಚಿಕೊಡುವೆ. ಪರದೆ ಏಳುವ ಮುಂಚೆ ಪ್ರತಿ ಸಲವೂ ಆಕೆಗೆ ವಾಂತಿ ಬಂದಂತಾಗುತ್ತಿತ್ತಂತೆ, ಮಾತುಗಳೆಲ್ಲ ಮರೆತುಹೋದಂತೆ ಅನ್ನಿಸುತ್ತಿತ್ತಂತೆ. ಆವಾಗ ಹಲಗೆಯ ಮೇಲೆ ಅಂಗಾಲು ಗಟ್ಟಿಯಾಗಿ ಊರಿ, ಕೈಬಳೆ ಒಂದೊಂದೇ ಮುಟ್ಟುತ್ತ ನಿಧಾನ ಉಸಿರು ಬಿಡುತ್ತಿದ್ದಳಂತೆ. "ಹೆದರಿಕಿ ಹೋಗ್ಲಿ ಅಂತ ಕಾದ್ರ ಜಲ್ಮ ಪೂರ್ತಿ ಪರದಿ ಹಿಂದ ನಿಂದರಬೇಕಾಕ್ಕತಿ. ಅದನ್ನೂ ಜೊತಿಗೆ ಕರ್ಕೊಂಡ ಹೋಗೂದು" ಅನ್ನುವಳು. ಡಾಕ್ಟರ ಗುಳಿಗೆಯೂ ಬೇಕಿತ್ತು, ಬೇಡ ಅನ್ನುವುದಿಲ್ಲ. ಆದರೆ ಆರು ತಿಂಗಳಲ್ಲಿ ನಾನು ಒಬ್ಬಳೇ ಬಸ್ಸು ಹತ್ತಿ ಕೊಟ್ಟೂರಿಗೆ ಹೋಗಿಬರುವಂತಾದದ್ದು ಆ ಮಷೀನಿನ ಪಕ್ಕ ಕೂತು.

ಗುಣವಾದವರಿಗೆ ಒಂದು ಹುರುಪು ಬರುತ್ತದೆ. ನನಗೂ ಬಂತು. ನನ್ನಂಥವರು ಎಷ್ಟು ಜನ ಇದ್ದಾರೋ, ಅವರಿಗೂ ಇದು ತಿಳಿಯಲಿ ಅಂದುಕೊಂಡೆ. ಹಾಡುವವರು, ಬರೆಯುವವರು, ಚಿತ್ರ ಬಿಡಿಸುವವರ ಜೊತೆ ಅವರ ಮನಸ್ಸಿನ ವಿಚಾರ ಮಾತಾಡಿಸಿ ಫೋನಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕತೊಡಗಿದೆ. ಹಡಗಲಿಯ ಒಬ್ಬ ಡ್ರಾಯಿಂಗ್ ಮೇಷ್ಟ್ರು, ಹರಪನಹಳ್ಳಿಯ ಒಬ್ಬ ಹಾರ್ಮೋನಿಯಂ ಮಾಸ್ತರರು. ಒಂದೊಂದನ್ನು ನಲವತ್ತೋ ಐವತ್ತೋ ಜನ ನೋಡಿದರು. ಮೂರನೆಯವಳು ಅತ್ತಿ ಆಗಲಿ ಅಂತ ನನಗೆ ಆಸೆ.

ಆಕೆ ಒಪ್ಪಲಿಲ್ಲ. ಆಗ ತಾನೇ ಮಗಳಿಗೆ ಹಡಗಲಿಯ ಕಡೆಯ ಸಂಬಂಧ ಗೊತ್ತಾಗಿತ್ತು. ಹುಡುಗ ಕಚೇರಿಯಲ್ಲಿ ಗುಮಾಸ್ತ. ಅವರಿಗೂ ತಾಯಿಯದು ಹೊಲಿಗೆ ಕೆಲಸ ಅಂತಲೇ ಹೇಳಿದ್ದರು.

"ಬ್ಯಾಡ ಬಿಡವ್ವ. ಹುಡುಗಿದು ಒಂದು ದಡಕ್ಕ ಹತ್ಲಿ."

"ಯಾರು ನೋಡ್ತಾರ ಅತ್ತಿ? ಐವತ್ತು ಮಂದಿನೂ ನೋಡಂಗಿಲ್ಲ. ಹೆಸರೂ ಹಾಕಂಗಿಲ್ಲ."

ಎರಡು ವಾರ ಬೆನ್ನು ಹತ್ತಿದೆ. ಕೊನೆಗೆ ಒಂದು ದಿನ ತಾನೇ ಕರೆದಳು. ಮಾತಾಡಬೇಕು ಅಂತ ಆಕೆಗೂ ಒಳಗೆಲ್ಲೋ ಇತ್ತೇನೋ... "ಮಾರಿ ಬ್ಯಾಡ. ಕೈ ಅಷ್ಟ ತೋರ್ಸು" ಅಂದಳು. ಆಗಲಿ ಅಂದೆ.

ಫೋನನ್ನು ಮಷೀನಿನ ಮೇಲೆ ಅರಿವೆಯ ಸುರುಳಿಗೆ ಒರಗಿಸಿಟ್ಟೆ. ಪರದೆಯಲ್ಲಿ ಬರೀ ಆಕೆಯ ಕೈ, ಒಂದು ಹಸಿರು ಜಂಪರು. ನಾನು ಕೇಳುತ್ತಾ ಹೋದೆ, ಆಕೆ ಹೇಳುತ್ತಾ ಹೋದಳು. ಊರಿಗೊಂದು ಹೆಸರಿಂದ ಕರೆಯುತ್ತಾರೆ, ಪಾತ್ರದ ಹೆಸರಿಂದ. ಮನೆಗೆ ಬಂದರೆ ನಾಟಕದಾಕಿ. ಮಗಳ ಹಾಸ್ಟೆಲಿನಲ್ಲಿ ಹೊಲಿಗೆಯಾಕಿ. "ನಾನು ಯಾರು ಅಂತ ಯಾರರ ಕೇಳಿದ್ರ, ಎಲ್ಲಿ ನಿಂತು ಹೇಳ್ಲಿ ಅಂತ ಮೊದ್ಲು ನಾನ ಕೇಳಬೇಕಾಕ್ಕತಿ" ಅಂದು ನಕ್ಕಳು. ಆಮೇಲೆ ಇಟ್ಟಿಗಿಯ ನಾಟಕದ ಮಾತು ಬಂತು. ಮಗಳಿನ್ನೂ ವರ್ಷದ ಕೂಸು. ಮೈ ಸುಡುವ ಜ್ವರ. ಒಪ್ಪಿಕೊಂಡ ನಾಟಕ ಬಿಡುವಂತಿಲ್ಲ ಅಂತ ಪಕ್ಕದ ಮನೆಯ ಮುದುಕಿಯ ಕೈಗೆ ಕೂಸನ್ನು ಕೊಟ್ಟು ಹೋದಳಂತೆ. ಅವತ್ತಿನ ಪಾತ್ರವೋ, ಸತ್ತ ಮಗುವಿನ ಮುಂದೆ ಅಳುವ ತಾಯಿಯದು. ಸ್ಟೇಜಿನ ಮೇಲೆ ಆಕೆಗೆ ಒಂದು ಹನಿ ಅಳು ಬರಲಿಲ್ಲವಂತೆ. ಜನ ಕೂಗಿದರಂತೆ. "ಅವತ್ತಿಂದ ಹೊತ್ತಿಲ್ಲದ ಹೊತ್ತಿನಾಗ ಅಳು ಬರ್ತೈತಿ. ಸಂತ್ಯಾಗ ಬದ್ನಿಕಾಯಿ ಆರಿಸ್ತಿರ್ತೀನಿ, ಬರ್ತೈತಿ. ಅದು ನಂದೋ, ಆ ಪಾತ್ರದ್ದೋ, ಗೊತ್ತಾಗಂಗಿಲ್ಲ."

ಹೇಳುತ್ತ ಹೇಳುತ್ತ ಆಕೆಯ ಕಣ್ಣಿಂದ ನೀರು ಇಳಿಯಿತು. ಕಿಟಕಿಯ ಬಿಸಿಲು ಮುಖದ ಮೇಲಿತ್ತು. ನಾನು ಕೈ ಚಾಚಿ ಫೋನನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿದೆ.

ಆಕೆ ಅದನ್ನು ನೋಡಿದಳು. ಬ್ಯಾಡ ಅನ್ನಲಿಲ್ಲ. ಆ ಒಂದು ಮಾತನ್ನು ನಾನು ಎಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೋ... ನೋಡಿದಳು, ಬ್ಯಾಡ ಅನ್ನಲಿಲ್ಲ. ಆದರೆ ಹಾಗೆ ಮಾತಿಗೆ ಬಿದ್ದವಳು ಏನನ್ನುತ್ತಾಳೆ? ಎದುರಿಗೆ ಕೂತವಳು ಮಗಳ ಹಾಗೆ ಇದ್ದವಳು. ಮುಖ ಬಂದ ಭಾಗವನ್ನು ಕತ್ತರಿಸಿ ಹಾಕಬಹುದಿತ್ತು. ಕತ್ತರಿಸದೆ ಹಾಗೇ ಯೂಟ್ಯೂಬಿಗೆ ಹಾಕಿದೆ. ಚೆನ್ನಾಗಿ ಬಂದಿತ್ತು, ಅದಕ್ಕೆ.

ಐವತ್ತು ಮಂದಿ ನೋಡುತ್ತಾರೆ ಅಂದಿದ್ದೆನಲ್ಲ. ನಾಲ್ಕನೆಯ ದಿನ ಯಾರೋ ಪುಣ್ಯಾತ್ಮ ಅದರಿಂದ ಹನ್ನೆರಡು ಸೆಕೆಂಡು ಕತ್ತರಿಸಿ, ಆಕೆ ಅಳುವುದಕ್ಕೆ ಒಂದು ಕುಣಿಯುವ ಹಾಡು ಸೇರಿಸಿ ಬಿಟ್ಟ. ಸುತ್ತಲಿನ ತಾಲೂಕುಗಳ ಫೋನಿನಲ್ಲೆಲ್ಲ ಅದೇ. ಆಕೆ ಹಿಂದೆ ಆಡಿದ ಹಳ್ಳಿಗಳವರು ಗುರುತು ಹಿಡಿದು ಕೆಳಗೆ ಬರೆದದ್ದನ್ನು ನಾನಿಲ್ಲಿ ಬರೆಯಲಾರೆ.

ವಾರದೊಳಗೆ ಹಡಗಲಿಯಿಂದ ಇಬ್ಬರು ಹಿರಿಯರು ಬಂದರು. ನಾನು ನಮ್ಮ ಬಾಗಿಲ ಹಿಂದೆ ನಿಂತಿದ್ದೆ. ಜಗಳ ಏನೂ ಇಲ್ಲ. ಚಹಾ ಕುಡಿದರು. ಹೊರಡುವಾಗ ಅವರಲ್ಲಿ ದೊಡ್ಡವರು, "ಹುಡುಗಿ ಬಗ್ಗೆ ನಮ್ದೇನೂ ತಕರಾರಿಲ್ರಿ. ಮನೆತನ ಅಂತ ಒಂದಿರತೈತಿ ನೋಡ್ರಿ. ತಪ್ಪು ತಿಳ್ಕೋಬ್ಯಾಡ್ರಿ" ಅಂದರು. ಅತ್ತಿ ಕೈ ಮುಗಿದು ಬಾಗಿಲಲ್ಲೇ ನಿಂತಿದ್ದಳು, ಅವರು ಓಣಿ ತಿರುಗುವವರೆಗೂ.

ಮಾರನೆಯ ದಿನ ಮಗಳು ಹಾಸ್ಟೆಲಿನಿಂದ ಬಂದಳು. ಬ್ಯಾಗು ಕೈಯಲ್ಲಿರುವಂತೆಯೇ ಮೊದಲು ನಮ್ಮ ಮನೆಗೆ.

"ಅಕ್ಕಾ, ನಿನ್ನ ಹೆದರಿಕಿ ವಾಸಿ ಮಾಡಿದ್ದಕ್ಕ ನಮ್ಮವ್ವನ್ನ ಹಿಂಗ ಬೀದಿಗೆ ತಂದ್ಯಾ?"

ಅಷ್ಟೇ ಕೇಳಿದಳು. ಅವಳು ಹೋದ ಮೇಲೆ ಒಳಗೆ ಕೂತು ಯೂಟ್ಯೂಬಿನಲ್ಲಿದ್ದುದನ್ನೆಲ್ಲ ಅಳಿಸಿದೆ. ಫೋನಿನಲ್ಲಿದ್ದ ಮೂಲವನ್ನೂ ಅಳಿಸಿದೆ. ಒಂದೂ ಉಳಿಯಬಾರದು ಅಂತ ಹುಡುಕಿ ಹುಡುಕಿ ಅಳಿಸಿದೆ. ಆಮೇಲೆ ಅತ್ತಿಯ ಮನೆಗೆ ಹೋದೆ.

ಮಗಳು ಒಳಗಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದಳು. ಅತ್ತಿ ಮಷೀನಿನ ಮುಂದೆ ಕೂತಿದ್ದಳು, ತುಳಿಯುತ್ತಿರಲಿಲ್ಲ.

"ತೆಗದ್ಯಾ?"

"ಎಲ್ಲಾ ತೆಗದೆ ಅತ್ತಿ."

"ಆತು ಬಿಡು."

ಆಮೇಲೆ ಆಕೆ ದನಿ ಇಳಿಸಿ, ಒಳಗಿನವಳಿಗೆ ಕೇಳಿಸಬಾರದು ಅನ್ನುವಂತೆ, "ಚಲೋ ಬಂದಿತ್ತೇನ? ನಾನು ನೋಡ್ಲೇ ಇಲ್ಲ" ಅಂದಳು.

ಆಕೆಯ ಹತ್ತಿರ ಇದ್ದದ್ದು ಬಟನ್ ಫೋನು. ಊರೆಲ್ಲ ನೋಡಿತ್ತು, ಆಕೆಯೊಬ್ಬಳು ನೋಡಿರಲಿಲ್ಲ. ತೋರಿಸಬೇಕು ಅಂತ ನನಗೂ ಹೊಳೆದಿರಲಿಲ್ಲ. "ಭಾಳ ಚಲೋ ಬಂದಿತ್ತು ಅತ್ತಿ" ಅಂದೆ. ಆಕೆ ತಲೆಯಾಡಿಸಿದಳು.

ಆ ಮೇಲೆ ನಾಟಕದವರು ಕರೆಯಲು ಬಂದರೆ ಮೈಯಾಗ ಹುಷಾರಿಲ್ಲ ಅಂತ ಕಳಿಸತೊಡಗಿದಳು. ನಾನೂ ಆ ಮನೆಗೆ ಹೋಗುವುದು ಬಿಟ್ಟೆ. ಎದುರುಬದುರು ಬಾಗಿಲು, ಆದರೂ ಒಬ್ಬರನ್ನೊಬ್ಬರು ನೋಡದ ಹಾಗೆ ಕಸ ಗುಡಿಸಿ, ನೀರು ಹಾಕುವುದನ್ನು ಕಲಿತೆವು. ಬೇಸಿಗೆ ಬರುವಷ್ಟರಲ್ಲಿ ಮನೆ ಖಾಲಿ ಮಾಡಿ ಹರಪನಹಳ್ಳಿಯ ತಮ್ಮನ ಮನೆಗೆ ಹೋದಳು. ಸಾಮಾನು ಏರಿಸುವಾಗ ಅವ್ವ ಹೋಗಿ ಮಾತಾಡಿಸಿ ಬಂದಳು. ನಾನು ಹೋಗಲಿಲ್ಲ.

ಹರಪನಹಳ್ಳಿಗೆ ಒಂದೇ ಸಲ ಹೋದೆ. ಹೋಗಲು ವರ್ಷ ಬೇಕಾಯಿತು. ಅತ್ತಿ ತಮ್ಮನ ಮನೆಯ ಕಟ್ಟೆಯ ಮೇಲೆ ಮೊರದಲ್ಲಿ ಶೇಂಗಾ ಹಸನು ಮಾಡುತ್ತ ಕೂತಿದ್ದಳು. ತಲೆಗೆ ಎಣ್ಣೆ ಇಲ್ಲ. ಕೈಯಲ್ಲಿ ಬಳೆ ಇರಲಿಲ್ಲ. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು ಎದ್ದಳು.

"ಬರ್ರಿ. ಕುಂದರ್ರಿ. ಅವ್ವಾರು ಆರಾಮದಾರೇನ್ರಿ?"

ಇಪ್ಪತ್ತು ವರ್ಷ ನನ್ನನ್ನು ಲೇ ಹುಡುಗಿ ಅಂದವಳು. ನಾನು ಕೂತೆ, ನೀರು ಕುಡಿದೆ. ಮನೆಯೊಳಗಿಂದ ತಮ್ಮನ ಹೆಂಡತಿ ಇಣುಕಿ ನೋಡಿದಳು. ತಪ್ಪಾಯಿತು ಅನ್ನಬೇಕೆಂದೇ ಬಂದಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಆಕೆಯೇ "ಬಸ್ ಎಷ್ಟು ಹೊತ್ತಿಗೈತ್ರಿ?" ಅಂದಳು. ಎದ್ದು ಬಂದೆ.

ಆಕೆ ತೀರಿಕೊಂಡ ಸುದ್ದಿ ನಮಗೆ ಗೊತ್ತಾದದ್ದು ಹನ್ನೊಂದು ದಿನದ ಮೇಲೆ. ಕಟ್ಟೆಯ ಮೇಲೆ ಕೂತವಳು ಕೂತಲ್ಲೇ ಒರಗಿದಳಂತೆ. ಎದೆಯದು ಅಂದರು. ಎದೆ ಬಡಿದುಕೊಂಡಾಗ ಹಳೆಯ ಹೆದರಿಕೆಯೇ ಬಂದಿದೆ ಅಂದುಕೊಂಡು ಸುಮ್ಮನೆ ಕೂತಿದ್ದಳೋ ಏನೋ... ಅದನ್ನು ಯೋಚಿಸಬಾರದು ಅಂದುಕೊಳ್ಳುತ್ತೇನೆ.

ಕೂಸಿಗೆ ಮುಲಾಮು ಹಚ್ಚಿದ ವಾರದಲ್ಲೇ ಅತ್ತಿಯ ಮಗಳು ನಮ್ಮ ಮನೆಗೆ ಬಂದಳು. ಈಗ ಕೊಟ್ಟೂರಿನ ಶಾಲೆಯೊಂದರಲ್ಲಿ ಟೀಚರು. ಮದುವೆಯಾಗಿಲ್ಲ. ಮುಖದಲ್ಲಿ ಅತ್ತಿಯ ಕಳೆ ಬಂದಿದೆ. ನಾನು ಏನೂ ಕೇಳುವ ಮೊದಲೇ ತಾನೇ ಹೇಳಿದಳು.

"ಜಗಳಕ್ಕ ಬಂದಿಲ್ಲಕ್ಕ. ನಮ್ಮವ್ವನ ದನಿ ಎಲ್ಲೂ ಇಲ್ಲ ನನ್ಹತ್ರ. ಆ ಕತ್ತರಿಸಿದ್ದು ಒಂದು ಯಾರದೋ ಫೋನಿನಾಗ ಸಿಕ್ತು. ಅದರಾಗ ಹಾಡು ಕೇಳ್ತೈತಿ, ಆಕಿ ದನಿ ಕೇಳಂಗಿಲ್ಲ. ಪೂರ್ತಿದು ನಿನ್ಹತ್ರ ಇರ್ತೈತಲ್ಲ? ಅದನ್ನ ಕೊಡು."

"ಅಳಿಸಿದೆ" ಅಂದೆ.

"ಪೂರ್ತಿ?"

"ಪೂರ್ತಿ."

ಅವ್ವ ತಂದಿಟ್ಟ ಚಹಾ ಕೆನೆಗಟ್ಟಿತು. ಆಮೇಲೆ, "ಹಂಗಾರ ಹೇಳು. ಏನೇನಂದ್ಲು ಹೇಳು" ಅಂದಳು.

ಹೇಳಿದೆ. ಊರಿಗೊಂದು ಹೆಸರಿನ ಮಾತು ಹೇಳಿದೆ. ಇಟ್ಟಿಗಿಯ ನಾಟಕ, ಜ್ವರದ ಕೂಸು, ಪಕ್ಕದ ಮನೆಯ ಮುದುಕಿ, ಸಂತೆಯಲ್ಲಿ ಬರುವ ಅಳು, ಎಲ್ಲ ಹೇಳಿದೆ. ಆ ಕೂಸು ತಾನೇ ಅನ್ನುವುದು ಅವಳಿಗೆ ಗೊತ್ತಿರಲಿಲ್ಲ. ಅತ್ತಿ ಅವಳಿಗೆ ಯಾವತ್ತೂ ಅದನ್ನು ಹೇಳಿರಲಿಲ್ಲ. ಮುಂದಕ್ಕೆ ಬಾಗಿ ಕೂತು ಕೇಳುತ್ತಿದ್ದಳು.

"ಆಮ್ಯಾಲ?" ಅಂದಳು.

ಆಮೇಲೂ ಅತ್ತಿ ಹೇಳಿದ್ದಳು. ಬಹಳ ಹೇಳಿದ್ದಳು. ಆ ನಾಟಕ ಮುಗಿಸಿ ಮನೆಗೆ ಬಂದು ಕೂಸನ್ನು ಎತ್ತಿಕೊಂಡಾಗ ಏನಾಯಿತು ಅನ್ನುವುದನ್ನು ಹೇಳಿದ್ದಳು, ಅಷ್ಟು ನನಗೆ ಗೊತ್ತು. ಆದರೆ ಆ ಹೊತ್ತಿಗೆ ನಾನು ಕೇಳುವುದು ಬಿಟ್ಟು ಆಕೆಯ ಮುಖ ನೋಡುತ್ತಿದ್ದೆ. ಆಮೇಲೆ ವಿಡಿಯೋ ಎಷ್ಟು ಸಲ ಹಾಕಿ ನೋಡಿದರೂ ಮುಖವನ್ನೇ ನೋಡಿದ್ದೆ. ಏನಂದಳು, ಏನಂದಳು ಅಂತ ಒಳಗೆಲ್ಲ ತಡಕಾಡಿದೆ. ಆಕೆಯ ತುಟಿ ಅಲುಗುವುದು ಕಾಣುತ್ತದೆ, ಮಾತು ಬರುವುದಿಲ್ಲ.

"ನೆನಪಿಲ್ಲ" ಅಂದೆ.

ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡು, ಕೊಟ್ಟೂರಿನ ಬಸ್ಸಿಗೆ ಹೊತ್ತಾಯಿತು ಅಂತ ಎದ್ದಳು.