ಒರೆಗಲ್ಲಕ್ಕನ ಮೀಟರು

ಕೀಂ ಎಂದು ಕೂಗಬೇಕಾದ ಮೀಟರು ಆ ಬೆಳಿಗ್ಗೆಯೂ ಕುಂಯ್ ಎಂದಿತು.

ವೋಲ್ಟು ಅಳೆಯುವ ಆ ಮೀಟರಿನ ವೈರುಗಳ ತುದಿಯಲ್ಲಿದ್ದ ಕೆಂಪು ಪ್ರೋಬಿನ ಮೊನೆಗೆ ಕಪ್ಪು ಪ್ರೋಬಿನ ಮೊನೆ ತಾಗಿಸಿ ಆ ಸದ್ದು ಕೇಳಿಸಿಕೊಂಡ ಮೇಲೆಯೇ ಅವಳ ದಿನ ಶುರುವಾಗುತ್ತಿತ್ತು. ಶಟರ್ ಎತ್ತಿ, ಮೇಜು ಒರೆಸಿ, ಬೇರೆ ಯಾವುದಕ್ಕೂ ಕೈಹಾಕುವ ಮೊದಲು ಅದು. ಸದ್ದು ಬಂದರೆ ವೈರು ತುಂಡಾಗಿಲ್ಲ, ಮೀಟರು ಬದುಕಿದೆ ಎಂದರ್ಥ. ಕೆಲವು ವಾರಗಳಿಂದ ಅದು ನೆಗಡಿಯಾದವರ ದನಿಯಲ್ಲಿ ಕೂಗುತ್ತಿತ್ತು. ಧೂಳು ಹೊಕ್ಕಿರಬೇಕು ಎಂದುಕೊಂಡು ಅವಳು ಅದನ್ನು ಊದಿ, ಗಾಜು ಒರೆಸಿದಳು. ಗಾಜಿನ ಒಂದು ಮೂಲೆ ಸೀಳಿತ್ತು. ಹಿಂದೆಂದೋ ಸ್ಕ್ರೂಡ್ರೈವರ್ ಬಿದ್ದು ಆದ ಸೀಳು. ಇನ್ನಷ್ಟು ಹಬ್ಬದಿರಲೆಂದು ಅವಳೇ ಅಲ್ಲಿ ಕಪ್ಪು ಟೇಪಿನ ಚೂರೊಂದನ್ನು ಅಂಟಿಸಿದ್ದಳು. ಅಂಕಿಗಳಿಗೇನೂ ಅಡ್ಡಿಯಿರಲಿಲ್ಲ.

ಆ ರಿಪೇರಿ ಅಂಗಡಿಯಲ್ಲಿ ಎರಡು ಮೇಜು. ಒಳಗಿನದು ಅವಳದು. ಬಾಗಿಲ ಬಳಿಯದು ಮೈದುನನದು, ಅಂದರೆ ಗಂಡನ ತಮ್ಮನದು. ಅವನು ಆಗಲೇ ಬಂದು ತನ್ನ ಬೆಸುಗೆ ಕಡ್ಡಿಯನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದ. ಇಕ್ಕಳಗಳು, ಭೂತಗನ್ನಡಿ, ತಿರುಪು ತುಂಬಿದ ಡಬ್ಬಿಗಳು ಒಂದೊಂದಾಗಿ ಚೀಲ ಸೇರುತ್ತಿದ್ದವು.

"ಅಂದ್ರೆ ಹೋಗೋದು ಖಾಯಂ," ಎಂದಳು.

"ಮಧ್ಯಾಹ್ನ ಗಾಡಿ ಬರುತ್ತೆ ಅತ್ತಿಗೆ. ಮೇಜು ತಗೊಂಡು ಹೋಗೋಕೆ."

"ಆ ಮೋಟಾರಿಗೆ ತಂತಿ ಸುತ್ತೋನ ಗಾಡಿ. ಅವನ ಅಂಗಡೀಲೇ ಕೆಲಸಕ್ಕೆ ಸೇರ್ತಿದೀಯ."

"ಅವರದ್ದೇ."

"ನಂಗೆ ಗೊತ್ತಿತ್ತು. ಒಂದು ತಿಂಗಳಿಂದ ಫೋನ್ ಬಂದಾಗಲೆಲ್ಲ ಬೀದಿಗೆ ಇಳಿದು ಮಾತಾಡ್ತಿದ್ದೆ. ಅನುಮಾನ ಬಂದಿತ್ತು."

"ಅನುಮಾನ ನಿಮಗೆ ಯಾವಾಗ ಬಂದಿಲ್ಲ, ಅದನ್ನ ಹೇಳಿ," ಎಂದು ಅವನು ಚೀಲದ ದಾರ ಎಳೆದ.

ಅದೇನೂ ಸುಳ್ಳಲ್ಲ. ಬೀದಿಯವರು ಅವಳನ್ನು ಒರೆಗಲ್ಲಕ್ಕ ಎಂದು ಕರೆಯುತ್ತಿದ್ದರು. ಹೊಸ ಪೊರಕೆ ಕೊಳ್ಳುವಾಗಲೂ ಒಂದು ಕಡ್ಡಿ ಕಿತ್ತು ಮುರಿದು ನೋಡುವವಳು. ಮದುವೆಗೆ ಮೊದಲು, ನೋಡಲು ಬಂದ ಗಂಡಿನ ಕೈಗೆ ಕೆಟ್ಟ ಟಾರ್ಚೊಂದನ್ನು ಕೊಟ್ಟಿದ್ದಳಂತೆ. ರಿಪೇರಿ ಬರುತ್ತದೋ ಇಲ್ಲವೋ ಎಂದು ನೋಡುವುದಕ್ಕಲ್ಲ. ಬರುವುದಿಲ್ಲ ಎಂದು ಒಪ್ಪಿಕೊಳ್ಳುತ್ತಾನೋ ಇಲ್ಲವೋ ಎಂದು. ಅವನು ಒಪ್ಪಿಕೊಂಡ, ಮದುವೆಯಾಯಿತು. ಅವನ ಬೆನ್ನಿಗೇ ಈ ತಮ್ಮನೂ ಬಂದ. ಆಗ ಅವನಿಗೆ ಮೀಸೆ ಕೂಡ ಬಂದಿರಲಿಲ್ಲ. ಬೆಸುಗೆ ಹಾಕುವುದನ್ನು ಕೈ ಹಿಡಿದು ಕಲಿಸಿದವಳು ಅವಳೇ. ಬೆರಳು ಸುಟ್ಟುಕೊಂಡಾಗಲೆಲ್ಲ ಊದುತ್ತಿದ್ದವಳೂ ಅವಳೇ.

ಅವಳಿಗೆ ಕಲಿಸಿದವರು ಸೋದರಮಾವ. ರೇಡಿಯೋ ರಿಪೇರಿಯವರು. ಅವರ ಕಾಲದ ಮೀಟರಿನಲ್ಲಿ ಅಂಕಿ ಮೂಡುತ್ತಿರಲಿಲ್ಲ, ಗಾಜಿನೊಳಗೆ ಸಣ್ಣ ಮುಳ್ಳೊಂದು ಅಲ್ಲಾಡುತ್ತಿತ್ತು. "ಮನುಷ್ಯರು ಹೇಳೋದನ್ನ ಕೇಳಿಸ್ಕೋ, ಮುಳ್ಳು ಹೇಳೋದನ್ನ ನಂಬು," ಎನ್ನುತ್ತಿದ್ದರು. ಕೈ ನಡುಗಲು ಶುರುವಾದ ವರ್ಷ ಅವರು ಈ ಅಂಕಿಯ ಮೀಟರು ಕೊಂಡರು, ಹೆಚ್ಚು ದಿನ ಬಳಸದೆ ಅವಳಿಗೆ ಕೊಟ್ಟರು. ಮಾವನ ಮಾತಿನಲ್ಲಿ ಮುಳ್ಳಿದ್ದ ಜಾಗದಲ್ಲಿ ಅವಳು ಈ ಮೀಟರನ್ನು ಕೂರಿಸಿಕೊಂಡಳು, ಅಷ್ಟೆ.

ಅಂಗಡಿಗೆ ಬರುತ್ತಿದ್ದುದು ಹೆಚ್ಚಾಗಿ ಎಲೆಕ್ಟ್ರಾನಿಕ್ ತಕ್ಕಡಿಗಳು. ತರಕಾರಿಯವರದು, ಹಣ್ಣಿನವರದು, ಗುಜರಿಯವರದು. ಒಳಗಿನ ಬ್ಯಾಟರಿಗೆ ಚಾರ್ಜು ತುಂಬುವ ಬೋರ್ಡುಗಳನ್ನು ಮೈದುನ ಕೂರಿಸುತ್ತಿದ್ದ. ಆರು ವೋಲ್ಟಿನ ಬ್ಯಾಟರಿಗೆ ಬೋರ್ಡು ಕೊಡುವ ವೋಲ್ಟು ಏಳರ ಒಳಗೇ ಇರಬೇಕು. ಹೆಚ್ಚಾದರೆ ಬ್ಯಾಟರಿ ಉಬ್ಬುತ್ತದೆ, ಕಡಿಮೆಯಾದರೆ ಹೊಟ್ಟೆ ತುಂಬುವುದಿಲ್ಲ. ಹೊರಗೆ ಹೋಗುವ ಮುನ್ನ ಪ್ರತಿ ಬೋರ್ಡನ್ನೂ ಅವಳು ತನ್ನ ಮೀಟರಿನಲ್ಲಿ ನೋಡಿಯೇ ನೋಡುತ್ತಿದ್ದಳು.

ಒಂದು ತಿಂಗಳ ಕೆಳಗೆ ಅವನ ಬೋರ್ಡು ಏಳು ದಾಟಿತು. ಮರುದಿನದ್ದೂ ದಾಟಿತು. ಬರಬರುತ್ತಾ ಏಳೂವರೆ, ಅದರಾಚೆಗೂ ಹೋಯಿತು. "ನನ್ನ ಮೀಟರಲ್ಲಿ ಸರಿಯಾಗೇ ಇದೆ ಅತ್ತಿಗೆ," ಎಂದು ಅವನು ತನ್ನ ಅಗ್ಗದ ಹಳದಿ ಮೀಟರು ತೋರಿಸಿದ. "ಆ ಆಟದ ಸಾಮಾನು ಎತ್ತಿಡು," ಎಂದಳು. ಬೋರ್ಡಿನ ಮೇಲೆ ವೋಲ್ಟು ಏರಿಸಿ ಇಳಿಸುವ ಸಣ್ಣ ತಿರುಪನ್ನು ತಾನೇ ತಿರುಗಿಸಿ, ತನ್ನ ಮೀಟರು ಒಪ್ಪುವವರೆಗೂ ಇಳಿಸಿ ಕಳಿಸಿದಳು. ಅಲ್ಲಿಂದಾಚೆಗೆ ತಕ್ಕಡಿಗಳು ವಾಪಸ್ ಬರತೊಡಗಿದವು. ಬೆಳಿಗ್ಗೆ ಚೆನ್ನಾಗಿ ತೂಗಿ ಮಧ್ಯಾಹ್ನಕ್ಕೆ ಕಣ್ಣು ಮುಚ್ಚುತ್ತವೆ ಎಂಬ ದೂರು. ಇನ್ನೇನು ಬೇಕು? ಸಾಕ್ಷಿ ಕಾಲಲ್ಲಿ ನಡೆದುಕೊಂಡು ಅಂಗಡಿಗೇ ಬಂದ ಹಾಗಾಯಿತು. ಕಳಪೆ ಬಿಡಿಭಾಗ ಹಾಕುತ್ತಿದ್ದಾನೆ, ಮನಸ್ಸು ಬೇರೆ ಕಡೆ ಇದೆ ಎಂದು ತೀರ್ಮಾನಿಸಿದಳು. ನಿನ್ನೆ ತರಕಾರಿಯವನು ಎದುರು ನಿಂತು ಬೈಯುತ್ತಿದ್ದಾಗ, "ಇವನು ಮುಟ್ಟಿದ್ದನ್ನೆಲ್ಲ ನಾನು ಇನ್ನೊಂದು ಸಲ ಮುಟ್ಟಬೇಕು, ಏನು ಮಾಡ್ಲಿ," ಎಂದುಬಿಟ್ಟಿದ್ದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೈದುನ ತಲೆಯೆತ್ತಲಿಲ್ಲ. ರಾತ್ರಿ ಊಟಕ್ಕೂ ಕೆಳಗಿಳಿದು ಬರಲಿಲ್ಲ. ಗಂಡ ತಟ್ಟೆಯ ಮುಂದೆ ಕೂತು, "ಮನೆಯವರ ಎದೆಗೂ ಪ್ರೋಬು ಚುಚ್ಚಿ ನೋಡ್ತೀಯಾ?" ಎಂದಿದ್ದ.

"ತಿಂಗಳಿಂದ ನನ್ನ ಕೆಲಸ ತಿದ್ತಾ ಇದೀರಿ," ಎಂದ ಈಗ ಮೈದುನ, ಅವಳತ್ತ ನೋಡದೆ. "ಬೇರೆ ಕಡೆ ಕೆಲಸ ಕೇಳ್ದೆ ಇರ್ಲಾ? ಜಗಳ ಬೇಡ. ನಿಮ್ಮ ಮೀಟರು ಒಂದು ಹೇಳುತ್ತೆ, ನನ್ನದು ಒಂದು ಹೇಳುತ್ತೆ. ಮೂರನೇದೊಂದು ತನ್ನಿ ಅಂತ ಅವತ್ತೇ ಅಂದೆ. ತರಲಿಲ್ಲ."

"ಈಗ ತರ್ತೀನಿ," ಎಂದಳು. ಅವನ ಮೇಜಿನಿಂದ, ತಾನಿನ್ನೂ ಮುಟ್ಟದ ಒಂದು ಬೋರ್ಡು ಎತ್ತಿಕೊಂಡಳು. ತನ್ನ ಮೀಟರನ್ನೂ ಚೀಲಕ್ಕೆ ಹಾಕಿಕೊಂಡಳು. "ಹೊಸದು ನೀನು ತಪ್ಪು ಅಂದ್ರೆ?"

"ಅಂದ್ರೆ ನಿಮ್ಮ ಕಾಲಿಗೆ ಬಿದ್ದು ಹೋಗ್ತೀನಿ. ಸರಿ ಅಂದ್ರೆ ಸುಮ್ಮನೆ ಹೋಗ್ತೀನಿ," ಎಂದು ನಕ್ಕ. ಆ ನಗು ಅವಳಿಗೆ ಸೇರಲಿಲ್ಲ. "ಬೀಗದ ಕೈ ಕೊಡಬೇಕಲ್ಲ, ನೀವು ಬರೋವರೆಗೆ ಇರ್ತೀನಿ. ಗಾಡಿ ಬಂದ್ರೆ ಮಾತ್ರ ಪಕ್ಕದ ಅಂಗಡೀಲಿ ಕೊಟ್ಟು ಹೋಗ್ತೀನಿ."

ಎರಡು ಬೀದಿ ದಾಟಿದರೆ ಎಲೆಕ್ಟ್ರಾನಿಕ್ಸ್ ಸಾಮಾನಿನ ಅಂಗಡಿ, ಮಹಡಿಯ ಮೇಲೆ. ಗೋಡೆ ತುಂಬ ಸಣ್ಣ ಖಾನೆಗಳು, ಅವುಗಳ ನಡುವೆ ಕನ್ನಡಕವನ್ನು ಹಣೆಗೇರಿಸಿಕೊಂಡ ಅಂಗಡಿಯವನು. ಏನು ಕೇಳಿದರೂ 'ಗ್ಯಾರಂಟಿ ನಂದು' ಎನ್ನುವುದರಿಂದ ಅವನಿಗೆ ಗ್ಯಾರಂಟಿಯಣ್ಣ ಎಂಬ ಹೆಸರೇ ಉಳಿದಿತ್ತು. ಅವಳು ಮೆಟ್ಟಿಲೇರಿ ಬಂದದ್ದನ್ನು ಕಂಡು ಅವನು ಸಣ್ಣದೊಂದು ಉಸಿರು ಬಿಟ್ಟ.

"ಮೀಟರು ಬೇಕು. ನಂಬಿಕಸ್ತ ಆಗಿರಬೇಕು, ಕೈಗೆಟುಕಬೇಕು," ಎಂದಳು.

"ಬಂದದ್ದು ಒಳ್ಳೇದಾಯ್ತು ಅಕ್ಕ. ಇದು ನೋಡಿ. ಸಾವಿರ ವೋಲ್ಟು ತಡೆಯುತ್ತೆ."

ಅವಳು ಪ್ರೋಬಿನ ವೈರನ್ನು ಬೆರಳಲ್ಲಿ ಹೊಸೆದು ನೋಡಿದಳು. "ಸಾವಿರ ಅಂತ ಬರೆದಿದೆ. ವೈರು ನೋಡಿದ್ರೆ ಗಾಳಿಪಟದ ದಾರ. ಬರೆಯೋಕೇನು, ಶಾಯಿ ಇದ್ರೆ ಲಕ್ಷ ಅಂತನೂ ಬರೀಬಹುದು. ಹಿಂದಿನ ಮುಚ್ಚಳ ತೆಗೀರಿ."

"ಹೊಸ ಮಾಲು ಅಕ್ಕ, ಬಿಚ್ಚಿದ್ರೆ..."

"ಬಿಚ್ಚದೆ ನಾನು ಯಾವತ್ತು ತಗೊಂಡಿದೀನಿ?"

ಬಿಚ್ಚಿದ. ಒಳಗೆ ಅಕ್ಕಿಕಾಳಿನಷ್ಟಿರುವ ಗಾಜಿನ ಫ್ಯೂಸು. ತಪ್ಪು ಜಾಗಕ್ಕೆ ಪ್ರೋಬು ಚುಚ್ಚಿದ ದಿನ ಇದು ತಾನು ಸಾಯುವ ಬದಲು ಕೈಯನ್ನು ಸುಡುತ್ತದೆ ಎಂದು ಪಕ್ಕಕ್ಕೆ ಸರಿಸಿದಳು. ಎರಡನೆಯದರ ಮೊನೆಗಳನ್ನು ತಾಗಿಸಿದರೆ ಸದ್ದು ತಡವಾಗಿ ಬಂತು. "ಯೋಚನೆ ಮಾಡಿ ಉತ್ತರ ಹೇಳೋ ಸಾಕ್ಷಿ ನನಗೆ ಬೇಡ." ಮೂರನೆಯದು ಬೂದು ಬಣ್ಣದ್ದು. ಫ್ಯೂಸು ದಪ್ಪ, ಪಿಂಗಾಣಿಯದು. ವೈರು ಮೆತ್ತಗೆ ಬಾಗಿತು. ತಿರುಗಿಸಿದರೆ ಗುಂಡಿ ಟಕ್ ಟಕ್ ಎಂದು ಒಂದೊಂದು ಮನೆಯಲ್ಲೂ ಗಟ್ಟಿಯಾಗಿ ನಿಂತಿತು. ತಾಗಿಸಿದ ಕ್ಷಣವೇ ಸದ್ದು. ದುಬಾರಿಯೂ ಅಲ್ಲ. ಅವಳಿಗೆ ಇಷ್ಟವಾಯಿತು, ಇಷ್ಟವಾದದ್ದೇ ಅನುಮಾನಕ್ಕೆ ಕಾರಣವಾಯಿತು.

"ಇದನ್ನ ಯಾರೂ ಯಾಕೆ ತಗೊಂಡು ಹೋಗಿಲ್ಲ?"

"ನೀವು ಬರ್ತೀರಿ ಅಂತ ಎತ್ತಿಟ್ಟಿದ್ದೆ."

ಅವಳು ಚೀಲದಿಂದ ಬೋರ್ಡು ತೆಗೆದು ಅಂಗಡಿಯ ಪ್ಲಗ್ಗಿಗೆ ಚುಚ್ಚಿದಳು. ಮೊದಲು ತನ್ನ ಮೀಟರಿನಲ್ಲಿ ನೋಡಿದಳು. ಏಳು ಪಾಯಿಂಟ್ ಎಂಟು. ಬೂದು ಮೀಟರಿನಲ್ಲಿ ನೋಡಿದಳು. ಆರು ಪಾಯಿಂಟ್ ಒಂಬತ್ತು. ಹುಬ್ಬು ಗಂಟಿಕ್ಕಿತು. ದಾರದ ವೈರಿನದನ್ನು ಕೇಳಿದಳು, ಅದೂ ಆರು ಪಾಯಿಂಟ್ ಒಂಬತ್ತು. ತಡವಾಗಿ ಕೂಗುವುದೂ ಹಾಗೇ. ಗಾಜಿನ ಕಪಾಟಿನಲ್ಲಿ ಮೈದುನನದರ ಅಣ್ಣತಮ್ಮನಂತಿದ್ದ ಹಳದಿಯ ಅಗ್ಗದ್ದೊಂದನ್ನು ತೆಗೆಸಿದಳು. ಅದು ಕೂಡ, ಏನೂ ಗೊತ್ತಿಲ್ಲದ ಮಗುವಿನಂತೆ, ಆರು ಪಾಯಿಂಟ್ ಒಂಬತ್ತು ಎಂದಿತು.

ಅವಳು ನಿಧಾನವಾಗಿ ಪ್ರೋಬು ಕೆಳಗಿಟ್ಟಳು.

"ನನ್ನ ಮೈದುನ ಫೋನ್ ಮಾಡಿದ್ನಾ?"

"ಯಾರು?"

"ನಾನು ಬರ್ತೀನಿ ಅಂತ ಮೊದಲೇ ಹೇಳಿದ್ನಾ? ಎಲ್ಲವೂ ಒಂದೇ ಪಾಠ ಒಪ್ಪಿಸ್ತಿವೆ."

"ಅಕ್ಕ, ಮೀಟರುಗಳಿಗೆ ಫೋನಲ್ಲಿ ಪಾಠ ಹೇಳಿಕೊಡೋ ವಿದ್ಯೆ ನನಗೆ ಬಂದಿದ್ರೆ ಈ ಮಹಡಿ ಮೇಲೆ ಯಾಕೆ ಕೂತಿರ್ತಿದ್ದೆ?" ಎಂದು ಅವನು ಹಣೆಯ ಕನ್ನಡಕವನ್ನು ಮೂಗಿಗೆ ಇಳಿಸಿದ. "ಬೇರೆ ಬೇರೆ ಕಂಪನಿಯ ಮಾಲು ಇವು. ಒಂದರ ಮುಖ ಇನ್ನೊಂದು ನೋಡಿಲ್ಲ."

"ನಿಮ್ಮ ಪ್ಲಗ್ಗಲ್ಲಿ ಕರೆಂಟು ಸರಿ ಇಲ್ಲದೆ ಇರಬಹುದು."

"ಹಾಗಿದ್ರೆ ನಿಮ್ಮದಕ್ಕೂ ಅದೇ ಪ್ಲಗ್ಗು ತಾನೆ?"

ಅವಳ ಕಣ್ಣು ಅತ್ತಿತ್ತ ಹರಿಯಿತು. ಯಾರ ಮಾತಿಗೂ ಮಣಿಯದ, ಯಾರ ಪ್ಲಗ್ಗಿಗೂ ಸಿಗದ ಸಾಕ್ಷಿಯೊಂದು ಬೇಕಿತ್ತು. ಗಲ್ಲಾದ ಪಕ್ಕ ಗಡಿಯಾರದ ಸೆಲ್ಲುಗಳು ನೇತಾಡುತ್ತಿದ್ದವು. ಮುಂದಿನದು ಬಿಟ್ಟು ಹಿಂದಿನದೊಂದನ್ನು ಕಿತ್ತು, ತಾನೇ ಪ್ಯಾಕೆಟ್ಟು ಹರಿದಳು. ಹೊಸ ಸೆಲ್ಲು ಒಂದೂವರೆಗಿಂತ ಚೂರು ಹೆಚ್ಚು ತೋರಿಸುತ್ತದೆ. ಅದು ಅದರ ಹುಟ್ಟುಗುಣ. ಬೂದು ಮೀಟರು ಒಂದು ಪಾಯಿಂಟ್ ಆರು ಎಂದಿತು. ಮಾವನ ಮೀಟರು ಒಂದು ಪಾಯಿಂಟ್ ಎಂಟು ಎಂದಿತು.

ಒಂದು ಪಾಯಿಂಟ್ ಎಂಟು ಯಾವ ಗಡಿಯಾರದ ಸೆಲ್ಲಿನ ಹಣೆಯಲ್ಲೂ ಬರೆದಿಲ್ಲ. ಅದು ಅವಳಿಗೆ ಗೊತ್ತು.

ಸೆಲ್ಲನ್ನು ತಿರುಗಿಸಿ ಹಿಡಿದಳು. ಮೊನೆ ಒರೆಸಿ ಮತ್ತೆ ಇಟ್ಟಳು. ಮತ್ತೆ ಅದೇ. ಜಗತ್ತನ್ನೆಲ್ಲ ತೂಗುತ್ತ ಬಂದವಳು ತನ್ನ ತಕ್ಕಡಿಯ ಕೆಳಗೆ ಬಗ್ಗಿ ನೋಡಿರಲಿಲ್ಲ.

"ಬ್ಯಾಟರಿ ಯಾವಾಗ ಹಾಕಿದ್ದು ಅಕ್ಕ?" ಅಂಗಡಿಯವನು ಮೆಲ್ಲಗೆ ಕೇಳಿದ. "ಒಳಗಿನ ಬ್ಯಾಟರಿ ಸೋತ್ರೆ ಕೆಲವು ಮೀಟರು ಹೀಗೇ. ಇರೋದಕ್ಕಿಂತ ಜಾಸ್ತಿ ತೋರಿಸ್ತವೆ."

"ಸೋತ್ರೆ ಅದೇ ಹೇಳುತ್ತಲ್ಲ. ಗಾಜಿನ ಮೇಲೆ ಬ್ಯಾಟರಿ ಗುರುತು ಬರುತ್ತೆ. ಈ ಮೂಲೇಲಿ..."

ಬೆರಳು ಮೂಲೆಯ ಮೇಲೆ ಬಂದು ನಿಂತಿತು. ಬೆರಳಿನ ಕೆಳಗೆ ಟೇಪಿತ್ತು.

ಉಗುರು ಹಾಕಿ ಎತ್ತಿದಳು. ಅಂಟು ಹಳತಾಗಿ ಎಳೆಎಳೆಯಾಗಿ ಬಂತು. ಅದರ ಕೆಳಗೆ, ಸೀಳಿದ ಗಾಜಿನಾಚೆ, ಸಣ್ಣದೊಂದು ಬ್ಯಾಟರಿಯ ಚಿತ್ರ. ಎಷ್ಟು ದಿನದಿಂದ ಹಾಗೆ ಕತ್ತಲಲ್ಲಿ ಕೂತು ಹೇಳುತ್ತಿತ್ತೋ. ಬಾಯಿಗೆ ಬಟ್ಟೆ ಕಟ್ಟಿದವಳು ತಾನೇ.

ಗ್ಯಾರಂಟಿಯಣ್ಣ ಹಳೆಯದನ್ನು ಕಿತ್ತು ಹೊಸ ಬ್ಯಾಟರಿಯೊಂದನ್ನು ಕೂರಿಸಿ ಮುಚ್ಚಳ ಬಿಗಿದ. ಮೊನೆಗಳನ್ನು ಬೋರ್ಡಿಗೆ ಇಟ್ಟ. ಆರು ಪಾಯಿಂಟ್ ಒಂಬತ್ತು. ಅವಳು ಮೊನೆಗಳನ್ನು ತಾಗಿಸಿದಳು. ಕೀಂ ಎಂದು ಬಂದ ಸದ್ದಿಗೆ ಹಿಂದಿನ ಖಾನೆಯಲ್ಲಿ ಏನೋ ಹುಡುಕುತ್ತಿದ್ದ ಗಿರಾಕಿ ತಿರುಗಿ ನೋಡಿದ.

ಅವಳ ಕಣ್ಣ ಮುಂದೆ ತಕ್ಕಡಿಗಳು ಸಾಲುಗಟ್ಟಿದವು. ಅವನು ಸರಿಯಾಗಿ ಕೂರಿಸಿದ್ದನ್ನು ಅವಳು ತಿರುಪು ತಿರುಗಿಸಿ ಕೆಡಿಸಿದ್ದಳು. ಅರೆಹೊಟ್ಟೆಯಲ್ಲಿ ಹೋದವು ಮಧ್ಯಾಹ್ನಕ್ಕೆ ಸತ್ತು ವಾಪಸ್ ಬಂದಿದ್ದವು. ಬಂದಾಗ ಅವುಗಳನ್ನೇ ಅವನ ವಿರುದ್ಧ ಸಾಕ್ಷಿಗೆ ನಿಲ್ಲಿಸಿದ್ದಳು. ಮಾಡಿದ್ದು ಇವಳು, ಬೈಸಿಕೊಂಡದ್ದು ಅವನು. ಫೋನು ಕೈಗೆ ತೆಗೆದಳು, ಹಾಗೇ ಒಳಗಿಟ್ಟಳು. ತರಕಾರಿಯವನ ಎದುರಿಗೆ ಆಡಿದ ಮಾತನ್ನು ಫೋನಿನಲ್ಲಿ ಹಿಂದಕ್ಕೆ ತಗೊಳ್ಳುವುದು ಹೇಗೆ?

"ಗಂಟೆ ಎಷ್ಟು? ಮಧ್ಯಾಹ್ನ ಗಾಡಿ ಬರುತ್ತೆ ಅಂದಿದ್ದ."

"ಊಟದ ಹೊತ್ತಾಗ್ತಾ ಬಂತು. ನಿಮ್ಮದು ಸರಿ ಹೋಯ್ತಲ್ಲ, ಇನ್ನು ಹೊಸದು ಯಾಕೆ? ಬೇಡ ಅಂದ್ರೂ ನನಗೆ ಬೇಜಾರಿಲ್ಲ."

"ಬೂದು ಬಣ್ಣದ್ದು ಕೊಡಿ. ನನ್ನ ಮೇಜಿಗೆ ಇನ್ನು ಮೇಲೆ ಎರಡು ಇರಲಿ, ಒಂದರ ಮೇಲೆ ಒಂದು ಕಣ್ಣಿಡ್ಲಿ," ಎಂದು ದುಡ್ಡು ಗಲ್ಲಾದ ಮೇಲಿಟ್ಟಳು.

"ಒಳ್ಳೇ ಆಯ್ಕೆ ಅಕ್ಕ. ಒಂದು ನಿಮಿಷ, ಗ್ಯಾರಂಟಿ ಕಾರ್ಡಿಗೆ ಸೀಲು ಹಾಕ್ಕೊಡ್ತೀನಿ. ನಿಮಗಂತೂ ಸೀಲು ಇಲ್ದೆ ಆಗಲ್ಲ, ಹೋದ ಸಲ ತೇದಿ ಮಸುಕಾಗಿದೆ ಅಂತ ವಾಪಸ್ ಬಂದಿದ್ರಿ." ಅವನು ಬಗ್ಗಿ ಡ್ರಾಯರಿನಲ್ಲಿ ಸೀಲು ತಡಕಾಡಿದ. "ನೋಡಿ, ಇದಕ್ಕೆ ಎರಡು ವರ್ಷ. ಆದ್ರೆ ಪ್ರೋಬಿಗೆ ಬೇರೆ ಲೆಕ್ಕ. ಮತ್ತೆ ಬ್ಯಾಟರಿ ಸೋರಿ ಹಾಳಾದ್ರೆ ಕಂಪನಿಯವರು ಒಪ್ಪಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ, ಆಮೇಲೆ ನೀವು ನನ್ನ ಮೇಲೆ..."

ಮೆಟ್ಟಿಲ ಮೇಲೆ ಸರಸರನೆ ಕೆಳಗಿಳಿಯುವ ಚಪ್ಪಲಿ ಸದ್ದಾಯಿತು. ಅವನು ಸೀಲು ಹಿಡಿದುಕೊಂಡು ತಲೆಯೆತ್ತಿದ. ಅವಳೂ ಇರಲಿಲ್ಲ, ಬೂದು ಮೀಟರೂ ಇರಲಿಲ್ಲ. ಕಾರ್ಡು ಗಲ್ಲಾದ ಮೇಲೆಯೇ ಇತ್ತು.